ಸ್ತನಭಾರವೂ ಮನೆಯವರ ಮೌನವೂ

ಸಂಸ್ಕೃತ ಕಾವ್ಯಗಳನ್ನೂ ಅವುಗಳ ಜಾಡನ್ನು ಹಿಡಿದ ಹಳಗನ್ನಡದ ಚಂಪೂಗ್ರಂಥಗಳನ್ನೂ ಓದಿದವರಿಗೆ ಸ್ತನಭಾರವೆಂಬ ಮಾತು ಹೊಸದಲ್ಲ. ನಾಯಿಕೆಯು ಆ ಭಾರದಿಂದ ಬಾಗಿ ನಡೆಯುತ್ತಾಳೆ. ಅವಳ ನಡು ಎಲ್ಲಿ ಮುರಿದೀತೋ ಎಂದು ಕವಿಯು ಅಂಜುತ್ತಾನೆ. ಕಾಳಿದಾಸನ ಯಕ್ಷನು ಅಳಕಾಪುರಿಯಲ್ಲಿರುವ ತನ್ನ ಹೆಂಡತಿಯ ಗುರುತನ್ನು ಮೇಘಕ್ಕೆ ಹೇಳುವಾಗಲೂ ಆಕೆ ಸ್ತನಗಳಿಂದ ತುಸು ಬಾಗಿದವಳೆಂಬುದನ್ನು ಸೇರಿಸಿಯೇ ಹೇಳುತ್ತಾನೆ. ಇಂತಹ ಶ್ಲೋಕಗಳಿಗೆ ಪಾಠಶಾಲೆಯಲ್ಲಿ ಅನ್ವಯವನ್ನು ಹೇಳಿ, ಸಮಾಸವನ್ನು ಬಿಡಿಸಿ, ಅಲಂಕಾರವನ್ನು ಗುರುತಿಸಿ, ಮುಂದಿನ ಶ್ಲೋಕಕ್ಕೆ ಹೋಗುವುದು ಪದ್ಧತಿ. ಭಾರವೆಂದರೆ ಭಾರವೇ ಅಲ್ಲವೆ, ಹೊತ್ತವಳಿಗೆ ಬೆನ್ನು ನೋಯುವುದಿಲ್ಲವೆ ಎಂಬ ಪ್ರಶ್ನೆಯನ್ನು ಶಿಷ್ಯನೂ ಕೇಳುವುದಿಲ್ಲ, ಗುರುವೂ ಎತ್ತುವುದಿಲ್ಲ. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯಲ್ಲಿ ಚೆನ್ನಕೇಶವ ದೇವಾಲಯದ ಹೊರಗೋಡೆಯ ಸ್ತ್ರೀವಿಗ್ರಹಗಳು ಹದಿಮೂರನೆಯ ಶತಮಾನದಿಂದ ಹಾಗೆಯೇ ನಿಂತಿವೆ. ಕಲ್ಲಿಗೆ ಕುತ್ತಿಗೆಯ ನೋವಿಲ್ಲ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಹೆಂಗಸರ ದಿನಚರಿಯನ್ನು ಬಲ್ಲವರಿಗೆ ಈ ಭಾರದ ವಾಚ್ಯಾರ್ಥವನ್ನು ವಿವರಿಸಬೇಕಾದುದಿಲ್ಲ. ಬಿದ್ದ ಕಾಯಿಗಳನ್ನು ಆಯ್ದು ಗುಡ್ಡೆ ಹಾಕುವುದು, ಅಟ್ಟಕ್ಕೆ ತುಂಬುವಾಗ ಕೈಯಿಂದ ಕೈಗೆ ಎತ್ತಿ ಕೊಡುವುದು, ತಿಂಗಳುಗಟ್ಟಲೆ ಅಟ್ಟದಲ್ಲಿ ಒಣಗಿ ಉಂಡೆ ಕೊಬ್ಬರಿಯಾದ ಮೇಲೆ ಚಿಪ್ಪು ಬಿಡಿಸುವುದಕ್ಕೆ ಬಗ್ಗಿ ಕುಳಿತುಕೊಳ್ಳುವುದು, ಒಣಗರಿಗಳನ್ನು ತೋಟದಿಂದ ಎಳೆದು ತರುವುದು, ಹಸುವಿಗೆ ಹುಲ್ಲಿನ ಹೊರೆ ಹೊರುವುದು, ಇವೆಲ್ಲವೂ ಬಗ್ಗಿ ಎದ್ದು ಮಾಡತಕ್ಕ ಕೆಲಸಗಳು. ಸುಲಿದ ತೆಂಗಿನಕಾಯಿಯೊಂದು ಹೆಚ್ಚುಕಡಮೆ ಅರ್ಧ ಕಿಲೋ ತೂಗುತ್ತದೆ. ಅತಿಯಾಗಿ ಬೆಳೆದ ಸ್ತನಗಳನ್ನು ಕುಗ್ಗಿಸುವ ಶಸ್ತ್ರಕ್ರಿಯೆಯಲ್ಲಿ ಒಂದೊಂದು ಕಡೆಯಿಂದ ಅಷ್ಟು ತೂಕದ ಮಾಂಸವನ್ನು, ಕೆಲವರಲ್ಲಿ ಅದರ ಎರಡರಷ್ಟನ್ನು, ತೆಗೆಯುವುದು ವಿಶೇಷವೇನೂ ಅಲ್ಲ. ಎರಡು ಕಾಯಿಗಳನ್ನು ಹಗ್ಗದಲ್ಲಿ ಕಟ್ಟಿ ಕೊರಳಿಗೆ ತೂಗುಹಾಕಿಕೊಂಡು, ಉಣ್ಣುವಾಗಲೂ ಮಲಗುವಾಗಲೂ ಇಳಿಸದೆ ಮೂವತ್ತು ವರ್ಷ ಇರತಕ್ಕದ್ದೆಂದು ಗಂಡಸೊಬ್ಬನಿಗೆ ವಿಧಿಸಿದರೆ, ಆತನು ಮೊದಲನೆಯ ಸಂಜೆಯೇ ವೈದ್ಯನ ಬಾಗಿಲನ್ನು ತಟ್ಟದೆ ಇರುವನೆ?

ಕುತ್ತಿಗೆ, ಹೆಗಲು, ಬೆನ್ನುಗಳ ನಿತ್ಯದ ನೋವು. ಒಳಉಡುಪಿನ ಪಟ್ಟಿಯು ಹೆಗಲಿನಲ್ಲಿ ಕೊರೆದ ಹಳ್ಳ. ಸ್ತನದ ಅಡಿಯ ಮಡಿಕೆಯಲ್ಲಿ ಬೆವರು ನಿಂತು ಬೇಸಗೆಯುದ್ದಕ್ಕೂ ಉರಿಯುವ ಹುಣ್ಣು. ಕೆಲವರಿಗೆ ಕೈಬೆರಳುಗಳ ಜೋಮು. ಪ್ರಾಯಕ್ಕೆ ಬಂದ ಕೆಲವೇ ತಿಂಗಳಲ್ಲಿ ಮಿತಿಮೀರಿ ಬೆಳೆಯುವುದು ಕೆಲವು ಹುಡುಗಿಯರಲ್ಲಿಯೂ, ಬಹಳ ಅಪರೂಪವಾಗಿ ಗರ್ಭಿಣಿಯರಲ್ಲಿಯೂ ಉಂಟು. ಇಂಗ್ಲೆಂಡಿನ ಪ್ಲಿಮತ್ ಪಟ್ಟಣದ ವೈದ್ಯ ವಿಲಿಯಂ ಡರ್ಸ್ಟನ್ ೧೬೬೯ರಲ್ಲಿಯೇ ಇಂತಹ ಒಬ್ಬಾಕೆಯ ವೃತ್ತಾಂತವನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ಕಳುಹಿಸಿದ್ದನು. ಆಕೆ ಅದೇ ವರ್ಷ ತೀರಿಕೊಂಡಳು. ಅಂತಹ ಪರಮಾವಧಿಯ ಸಂಗತಿ ಹಾಗಿರಲಿ. ಪುಸ್ತಕದ ಚೀಲವನ್ನು ಎದೆಗೆ ಅವುಚಿಕೊಂಡು ಗೂನಿ ನಡೆಯುವ, ಆಟದ ಬಯಲಿನಲ್ಲಿ ಓಡಲು ಒಪ್ಪದ ಹುಡುಗಿಯನ್ನು ಕಾಣದ ಶಾಲೆ ಯಾವುದು? ಅವಳಿಗೆ ‘ನೆಟ್ಟಗೆ ನಿಲ್ಲು’ ಎಂದು ಗದರುವುದಷ್ಟೇ ಶಾಲೆಗಳಿಗೆ ತಿಳಿದ ಚಿಕಿತ್ಸೆ.

ಇಷ್ಟಾದರೂ, ಯಾವಳಾದರೂ ಧೈರ್ಯ ಮಾಡಿ ಶಸ್ತ್ರಕ್ರಿಯೆಯ ಮಾತನ್ನೆತ್ತಿದರೆ ಮನೆಯಲ್ಲಿ ಏಳುವ ಆಕ್ಷೇಪ ಒಂದೇ: ಅದು ಬೆಡಗಿನವರ ಆಪರೇಷನ್ನು, ದೇವರು ಕೊಟ್ಟುದನ್ನು ಕೊಯ್ಯಿಸಿಕೊಳ್ಳುವುದೇ? ಈ ಆಕ್ಷೇಪವು ಓದುಬರಹ ಬಲ್ಲ ಮನೆಗಳಲ್ಲಿಯೇ ಹೆಚ್ಚು ಗಟ್ಟಿಯಾಗಿ ಕೇಳಿಬರುತ್ತದೆಂಬುದು ಸೋಜಿಗ. ಕಣ್ಣಿಗೆ ಪೊರೆ ಬಂದಾಗ ಅದೂ ದೇವರು ಕೊಟ್ಟುದೆಂದು ಬಿಟ್ಟವರಿಲ್ಲ. ಅಂಡವೃದ್ಧಿಗೆ ಶಸ್ತ್ರಕ್ರಿಯೆ ಮಾಡಿಸಿಕೊಂಡು ಬಂದ ಮಾವನವರನ್ನು ಬೆಡಗುಗಾರರೆಂದು ಯಾವ ಸೊಸೆಯೂ ಆಡಿಕೊಂಡಿಲ್ಲ. ಅಲ್ಲಿ ಭಾರವು ರೋಗವಾಯಿತು, ಇಲ್ಲಿ ಭಾರವು ಅಲಂಕಾರವಾಯಿತು. ಕಾವ್ಯದ ಪೂರ್ವಸಂಸ್ಕಾರವಲ್ಲದೆ ಬೇರೆ ಕಾರಣ ಕಾಣುವುದಿಲ್ಲ.

‘ಪ್ಲಾಸ್ಟಿಕ್ ಸರ್ಜರಿ’ ಎಂಬ ಹೆಸರೇ ಅರ್ಧ ಭ್ರಾಂತಿಗೆ ಮೂಲವಾಗಿದೆ. ಬಿಂದಿಗೆಯ ಪ್ಲಾಸ್ಟಿಕ್ಕನ್ನು ಮೈಯೊಳಗೆ ತುಂಬುತ್ತಾರೆಂದು ನಂಬಿರುವವರುಂಟು. ಶಬ್ದವು ಗ್ರೀಕಿನದು, ರೂಪಿಸುವುದು, ಅಚ್ಚಿಗೆ ತರುವುದು ಎಂದಷ್ಟೇ ಅದರ ಅರ್ಥ. ವಿದ್ಯೆಯಾದರೋ ಈ ದೇಶದವರಿಗೆ ಹೊಸದಲ್ಲ. ಸುಶ್ರುತಸಂಹಿತೆಯ ಸೂತ್ರಸ್ಥಾನದ ಹದಿನಾರನೆಯ ಅಧ್ಯಾಯವು ಹರಿದ ಕಿವಿಯನ್ನೂ ಕತ್ತರಿಸಿದ ಮೂಗನ್ನೂ ಮತ್ತೆ ಕಟ್ಟುವ ಕ್ರಮವನ್ನು ಹೇಳುತ್ತದೆ. ೧೭೯೨ರ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತು ಹೊಡೆಯುತ್ತಿದ್ದ ಕಾವಸ್‌ಜಿ ಎಂಬವನು ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿ ಮೂಗನ್ನು ಕಳೆದುಕೊಂಡನು. ಪುಣೆಯ ಬಳಿಯ ಒಬ್ಬ ಕಸುಬುದಾರನು ಅವನ ಹಣೆಯ ಚರ್ಮವನ್ನು ಹುಬ್ಬುಗಳ ನಡುವೆ ಒಂದು ತೊಟ್ಟು ಉಳಿಯುವಂತೆ ಬಿಡಿಸಿ, ಕೆಳಕ್ಕೆ ತಿರುಗಿಸಿ, ಹೊಸ ಮೂಗನ್ನು ಮಾಡಿದನು. ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನ್ ಪತ್ರಿಕೆಯಲ್ಲಿ ೧೭೯೪ರಲ್ಲಿ ಈ ಸುದ್ದಿ ಅಚ್ಚಾದ ಮೇಲೆಯೇ ಅಲ್ಲಿಯ ಕಾರ್ಪ್ಯೂ ಎಂಬ ಶಸ್ತ್ರವೈದ್ಯನು ಅದನ್ನು ಅಭ್ಯಾಸ ಮಾಡಿ ೧೮೧೪ರಲ್ಲಿ ತಾನೂ ನಡೆಸಿದನು. ಎತ್ತು ಹೊಡೆಯುವವನು ಬೆಡಗಿಗಾಗಿ ಮೂಗನ್ನು ಕಟ್ಟಿಸಿಕೊಂಡನೆಂದು ಯಾರೂ ಹೇಳಲಾರರು. ಆ ತೊಟ್ಟಿನ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಇನ್ನೂ ಸಮೀಪದ ನಿದರ್ಶನ ಬೇಕಾದರೆ, ರುಮೇನಿಯ ದೇಶದ ಟೆನ್ನಿಸ್ ಆಟಗಾರ್ತಿ ಸಿಮೋನಾ ಹಾಲೆಪ್ ೨೦೦೯ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ಇದೇ ಶಸ್ತ್ರಕ್ರಿಯೆಯನ್ನು ಮಾಡಿಸಿಕೊಂಡಳು. ಭಾರದಿಂದ ಬೆನ್ನು ನೋಯುತ್ತದೆ, ಚೆಂಡಿಗೆ ತಕ್ಕಷ್ಟು ಬೇಗ ತಿರುಗಲಾಗುವುದಿಲ್ಲ ಎಂಬುದೇ ಕಾರಣ. ಮುಂದೆ ಆಕೆ ೨೦೧೮ರಲ್ಲಿ ಫ್ರೆಂಚ್ ಪಂದ್ಯಾವಳಿಯನ್ನೂ ೨೦೧೯ರಲ್ಲಿ ವಿಂಬಲ್ಡನ್ನನ್ನೂ ಗೆದ್ದಳು. ‘ಮೈ ಇಳಿಸಿಕೊಂಡರೆ ಎಲ್ಲವೂ ಸರಿಹೋಗುತ್ತದೆ’ ಎಂಬ ಉಪದೇಶಕ್ಕೂ ಉತ್ತರ ದೊರೆತಿದೆ. ೨೦೦೨ರಲ್ಲಿ ಅಮೆರಿಕೆಯಲ್ಲಿ ಪ್ರಕಟವಾದ, ಹಲವು ಆಸ್ಪತ್ರೆಗಳು ಕೂಡಿ ನಡೆಸಿದ ಪರಿಶೀಲನೆಯಲ್ಲಿ, ತೂಕ ಇಳಿಸುವುದರಿಂದಾಗಲಿ ವಿಶೇಷ ಉಡುಪಿನಿಂದಾಗಲಿ ವ್ಯಾಯಾಮದಿಂದಾಗಲಿ ನಿಲ್ಲುವಂತಹ ಉಪಶಮನ ದೊರೆಯಲಿಲ್ಲ, ಶಸ್ತ್ರಕ್ರಿಯೆಯಿಂದ ದೊರೆಯಿತು.

ಮನೆಯವರ ಈ ಭ್ರಾಂತಿಗೆ ವಿಮಾ ಕಂಪನಿಗಳು ಮುದ್ರೆ ಒತ್ತುತ್ತವೆ. ವಿಮಾ ನಿಯಂತ್ರಣ ಪ್ರಾಧಿಕಾರವು ೨೦೧೯ರಲ್ಲಿ ಗೊತ್ತುಪಡಿಸಿದ ಮಾದರಿ ಒಕ್ಕಣೆಯ ಪ್ರಕಾರ, ರೂಪವನ್ನು ಮಾರ್ಪಡಿಸುವ ಚಿಕಿತ್ಸೆಗೆ ಹಣವಿಲ್ಲ; ಅಪಘಾತ, ಸುಟ್ಟಗಾಯ, ಕ್ಯಾನ್ಸರುಗಳ ತರುವಾಯದ ಪುನರ್ನಿರ್ಮಾಣಕ್ಕೂ, ನೇರವಾದ ತಕ್ಷಣದ ಅಪಾಯವನ್ನು ನೀಗುವ ಚಿಕಿತ್ಸೆಯೆಂದು ವೈದ್ಯನು ಬರೆದುಕೊಟ್ಟಲ್ಲಿಗೂ ಮಾತ್ರ ವಿನಾಯಿತಿ. ಇಪ್ಪತ್ತು ವರ್ಷದ ಬೆನ್ನುನೋವು ‘ತಕ್ಷಣದ’ ಅಪಾಯವಲ್ಲವಂತೆ! ಹಾಗಾದರೆ ಇಪ್ಪತ್ತು ವರ್ಷದ ಮಂಡಿನೋವಿಗೆ ಹೊಸ ಕೀಲನ್ನು ಹಾಕಿಸಿದರೆ ಹಣ ಕೊಡುವುದು ಯಾವ ನ್ಯಾಯದಿಂದ? ಒಂದಕ್ಕೆ ರೂಪದ ಹೆಸರಿಟ್ಟು ಇನ್ನೊಂದಕ್ಕೆ ಆರೋಗ್ಯದ ಹೆಸರಿಟ್ಟವರು ಯಾರು?

ಆದರೆ ಇದಿಷ್ಟೂ ಪೀಠಿಕೆ. ಶಸ್ತ್ರಕ್ರಿಯೆ ಬೇಡವೆಂದು ತಡೆಯುವವರಿಗಿಂತ ಹೆಚ್ಚಿನ ಅನ್ಯಾಯವನ್ನು ಮಾಡುವವರು, ಮಾಡಿಸಿಕೊಳ್ಳಲು ಒಪ್ಪಿ, ಹಣವನ್ನೂ ಕೊಟ್ಟು, ಮನೆಗೆ ಕರೆತಂದ ಮೇಲೆ ಬಾಯಿ ಮುಚ್ಚಿಕೊಳ್ಳುವವರು. ಆಸ್ಪತ್ರೆಯಲ್ಲಿ ಆಗುವುದು ಶಸ್ತ್ರಕ್ರಿಯೆಯ ಅರ್ಧ ಭಾಗ. ಉಳಿದರ್ಧ ಮನೆಯಲ್ಲಿ ಆಗಬೇಕು; ಆ ಅರ್ಧವೇ ಕೆಡುತ್ತಿರುವುದು.

ಕೆಡುವುದು ಹೇಗೆಂದು ತಿಳಿಯಬೇಕಾದರೆ ವೈದ್ಯನು ಮಾಡಿರುವುದೇನೆಂಬುದನ್ನು ಸ್ವಲ್ಪ ತಿಳಿದಿರಬೇಕು. ಸಾಮಾನ್ಯವಾಗಿ ಮೂರು ಕೊಯ್ತಗಳು: ಮೊಲೆತೊಟ್ಟಿನ ಕಪ್ಪುವೃತ್ತದ ಸುತ್ತ ಒಂದು, ಅಲ್ಲಿಂದ ಕೆಳಕ್ಕೆ ನೇರವಾಗಿ ಒಂದು, ಅಡಿಯ ಮಡಿಕೆಯ ಉದ್ದಕ್ಕೂ ಅಡ್ಡಲಾಗಿ ಒಂದು. ೧೯೫೬ರಲ್ಲಿ ಅಮೆರಿಕೆಯ ರಾಬರ್ಟ್ ವೈಸ್ ಈ ಕೊಯ್ತಕ್ಕೆ ಒಂದು ಅಚ್ಚನ್ನು ಗೊತ್ತುಮಾಡಿದನು. ಅಡ್ಡಕೊಯ್ತವನ್ನು ಬಿಡುವ ವಿಧಾನಗಳು ಆಮೇಲೆ ಬಂದವು. ಹೆಚ್ಚಾದ ಕೊಬ್ಬನ್ನೂ ಗ್ರಂಥಿಯನ್ನೂ ಚರ್ಮವನ್ನೂ ತೆಗೆದು, ಉಳಿದುದನ್ನು ಮೇಲಕ್ಕೆತ್ತಿ ಹೊಲಿಯುತ್ತಾರೆ. ಕಷ್ಟವಿರುವುದು ಮೊಲೆತೊಟ್ಟನ್ನು ಮೇಲಕ್ಕೆ ಸಾಗಿಸುವಲ್ಲಿ. ಷಿಕಾಗೋವಿನ ಮ್ಯಾಕ್ಸ್ ಥೋರೆಕ್ ೧೯೨೨ರಲ್ಲಿ ಅದನ್ನು ಬಿಡಿಸಿ ತೆಗೆದು ಬೇರೆ ಕಡೆ ನೆಟ್ಟನು. ಷ್ವಾರ್ಟ್ಸ್‌ಮನ್ ಎಂಬವನು ೧೯೩೦ರಲ್ಲಿ, ಸುತ್ತಲಿನ ಒಳಚರ್ಮವನ್ನು ಉಳಿಸಿದರೆ ಅದರ ರಕ್ತನಾಳಗಳೇ ಮೊಲೆತೊಟ್ಟನ್ನು ಬದುಕಿಸುತ್ತವೆಂದು ತೋರಿಸಿದನು. ಈಗ ಬಹುಮಟ್ಟಿಗೆ ನಡೆಯುವುದು ಹೀಗೆಯೇ: ಒಂದು ಮಾಂಸದ ತೊಟ್ಟನ್ನು ಬಿಟ್ಟುಕೊಂಡು, ಅದರ ಮೂಲಕ ರಕ್ತ ಹರಿಯುವಂತೆ ನೋಡಿಕೊಳ್ಳುವುದು. ಕಾವಸ್‌ಜಿಯ ಹಣೆಯ ಚರ್ಮಕ್ಕೂ ಇಂತಹದೇ ತೊಟ್ಟು ಇತ್ತಷ್ಟೆ. ತೊಟ್ಟು ಒಣಗಿದರೆ ಕಾಯಿ ಉಳಿಯುವುದಿಲ್ಲವೆಂಬುದನ್ನು ತೆಂಗಿನ ಸೀಮೆಯವರಿಗೆ ಹೇಳಬೇಕಾಗಿಲ್ಲ.

ಆ ತೊಟ್ಟನ್ನು ಒಣಗಿಸುವ ವಸ್ತು ಈ ಸೀಮೆಯ ಎಲೆಅಡಿಕೆಯ ತಟ್ಟೆಯಲ್ಲಿಯೇ ಇದೆ. ಹೊಗೆಸೊಪ್ಪಿನಲ್ಲಿರುವ ನಿಕೋಟಿನ್ ಎಂಬ ಪದಾರ್ಥವು ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಆದಕಾರಣ ಶಸ್ತ್ರಕ್ರಿಯೆಗೆ ಕನಿಷ್ಠ ನಾಲ್ಕು ವಾರ ಮೊದಲು ಬಿಟ್ಟು, ಅನಂತರವೂ ಅಷ್ಟೇ ಕಾಲ ಬಿಟ್ಟಿರಬೇಕೆಂದು ವೈದ್ಯರು ಹೇಳುತ್ತಾರೆ. ಪಟ್ಟಣದ ವೈದ್ಯನು ‘ಸಿಗರೇಟು ಸೇದುತ್ತೀರೇನಮ್ಮ?’ ಎಂದು ಕೇಳುತ್ತಾನೆ. ‘ಇಲ್ಲ’ ಎಂದು ಆಕೆ ನಿಜವನ್ನೇ ಹೇಳುತ್ತಾಳೆ. ಊಟವಾದ ಮೇಲೆ ಬಾಯಿಗೆ ಬೀಳುವ ಒಂದು ಚೂರು ಹೊಗೆಸೊಪ್ಪನ್ನು ಆತ ಕೇಳಲಿಲ್ಲ, ಆಕೆ ಹೇಳಲಿಲ್ಲ, ಪಕ್ಕದಲ್ಲಿದ್ದ ಗಂಡನು ಹೇಳುವುದು ಮರ್ಯಾದೆಯಲ್ಲವೆಂದು ಸುಮ್ಮನಿದ್ದನು. ನಸ್ಯವೂ ಹಾಗೆಯೇ. ಮೊಲೆತೊಟ್ಟು ಕಪ್ಪಿಟ್ಟ ಮೇಲೆ ಎಲ್ಲರೂ ಹಣೆಬರಹವನ್ನು ದೂರುತ್ತಾರೆ.

ಆಯುರ್ವೇದದಲ್ಲಿ ಉಪದ್ರವವೆಂಬ ಪರಿಭಾಷೆಯುಂಟು: ಮೊದಲಿನ ವ್ಯಾಧಿಯ ಬೆನ್ನುಹತ್ತಿ ಬರುವ ಮತ್ತೊಂದು ತೊಂದರೆ. ಈ ಶಸ್ತ್ರಕ್ರಿಯೆಯ ಉಪದ್ರವಗಳು ಅಪರೂಪದವಲ್ಲ, ಆದರೆ ಹೆಚ್ಚಿನವು ಸಣ್ಣವು. ಮೇಲೆ ಹೇಳಿದ ಅಮೆರಿಕೆಯ ಪರಿಶೀಲನೆಯ ಮುಂದಿನ ಲೆಕ್ಕವು ೨೦೦೫ರಲ್ಲಿ ಪ್ರಕಟವಾಯಿತು. ೧೭೯ ಮಂದಿಯಲ್ಲಿ ನೂರಕ್ಕೆ ೪೩ರಂತೆ ಒಂದಲ್ಲ ಒಂದು ಉಪದ್ರವ ಕಾಣಿಸಿತ್ತು. ಅವುಗಳಲ್ಲಿ ಮುಖ್ಯವಾದುದು ಗಾಯವು ತಡವಾಗಿ ಮಾಯುವುದು. ಮೂರು ಹೊಲಿಗೆಗಳು ಕೂಡುವ ಸಂಧಿಸ್ಥಾನದಲ್ಲಿ ಚರ್ಮದ ಎಳೆತ ಹೆಚ್ಚು, ರಕ್ತ ಕಡಮೆ. ಎರಡನೆಯ ಮೂರನೆಯ ವಾರಗಳಲ್ಲಿ ಅಲ್ಲಿ ಬೆರಳಿನ ತುದಿಯಷ್ಟು ಅಗಲ ಬಿರಿಯುವುದು ಸಾಮಾನ್ಯ. ಶುದ್ಧವಾಗಿಟ್ಟುಕೊಂಡು ವೈದ್ಯನು ಹೇಳಿದಂತೆ ಪಟ್ಟಿ ಬದಲಾಯಿಸಿದರೆ ಕೆಲವು ವಾರಗಳಲ್ಲಿ ತಾನಾಗಿ ಮುಚ್ಚುತ್ತದೆ. ಇದನ್ನು ಮೊದಲೇ ತಿಳಿಸಿದ್ದರೆ ಯಾರೂ ಬೆದರುವುದಿಲ್ಲ. ತಿಳಿಸದಿದ್ದರೆ? ಆಕೆ ಬಚ್ಚಲುಮನೆಯಲ್ಲಿ ಅದನ್ನು ಕಂಡು ನಡುಗಿ, ಯಾರಿಗೂ ತೋರದೆ, ಹಳೆಯ ಸೀರೆಯ ತುಂಡನ್ನು ಮಡಿಸಿ ಒಳಗೆ ಇಟ್ಟುಕೊಳ್ಳುತ್ತಾಳೆ. ತೋರಿಸಿದರೆ ಅತ್ತೆಯವರು ಅರಿಸಿನವನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಹಚ್ಚುತ್ತಾರೆ. ಕೊಬ್ಬರಿ ಎಣ್ಣೆಯ ಮಹಿಮೆಯನ್ನು ತಿಪಟೂರಿನಲ್ಲಿ ಅಲ್ಲಗಳೆಯುವ ಸಾಹಸ ಯಾರಿಗೂ ಬೇಡ. ಆದರೆ ತೆರೆದ ಗಾಯದೊಳಕ್ಕೆ ಗಾಣದ ಎಣ್ಣೆಯನ್ನೂ ಕುಟ್ಟಿದ ಪುಡಿಯನ್ನೂ ತುಂಬುವುದು ಕೀವನ್ನು ಕರೆಯುವ ಉಪಾಯ. ಗಾಯ ಪೂರ್ತಿ ಮುಚ್ಚಿದ ಮೇಲೆ ವೈದ್ಯನು ಒಪ್ಪಿದರೆ ಎಣ್ಣೆ ತಿಕ್ಕಲಿ, ಬೇಡವೆನ್ನುವವರಿಲ್ಲ.

ಮನೆಯವರು ಮಾಡುವ ಇನ್ನೊಂದು ತಪ್ಪಿಗೆ ಸದುದ್ದೇಶವೇ ಕಾರಣ. ಹೆಂಗಸಿನ ಮೈಗೆ ಸಂಬಂಧಿಸಿದ ಯಾವ ವಿಶ್ರಾಂತಿಗೂ ಈ ಮನೆಗಳಿಗೆ ಗೊತ್ತಿರುವ ಮಾದರಿ ಬಾಣಂತನವೊಂದೇ. ಆದುದರಿಂದ ಆಕೆಯನ್ನು ಕತ್ತಲ ಕೋಣೆಗೆ ಸೇರಿಸಿ, ತಲೆಗೆ ಬಟ್ಟೆ ಸುತ್ತಿ, ಕುಡಿಯುವ ನೀರಿಗೆ ಮಿತಿ ಹಾಕಿ, ಹಾಸಿಗೆಯಿಂದ ಏಳಗೊಡುವುದಿಲ್ಲ. ಹದಿನೈದನೆಯ ದಿನ ಮೇಲಿನ ಗಾಯ ಒಣಗಿದಂತೆ ಕಂಡೊಡನೆ ಬಿಂದಿಗೆಯನ್ನು ಸೊಂಟಕ್ಕೆ ಕೊಡುತ್ತಾರೆ. ವೈದ್ಯಶಾಸ್ತ್ರವು ವಿಧಿಸುವುದು ಇದಕ್ಕೆ ನೇರ ವಿರುದ್ಧ. ಮೊದಲನೆಯ ದಿನದಿಂದಲೇ ಎದ್ದು ಮನೆಯೊಳಗೆ ಓಡಾಡಬೇಕು. ಮಲಗಿಯೇ ಇದ್ದರೆ ಕಾಲಿನ ನರಗಳಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಶ್ವಾಸಕೋಶಕ್ಕೆ ಏರಿ, ಪ್ರಾಣಕ್ಕೇ ಸಂಚಕಾರ ಬರಬಹುದು. ನೀರನ್ನು ಧಾರಾಳವಾಗಿ ಕುಡಿಯಬೇಕು. ಬೆನ್ನ ಮೇಲೆ, ತಲೆಯ ಕಡೆ ಎತ್ತರ ಮಾಡಿಕೊಂಡು ಮಲಗಬೇಕು. ಆಧಾರ ಕೊಡುವ ಬಿಗಿಯುಡುಪನ್ನು ಹಗಲಿರುಳೂ ವಾರಗಟ್ಟಲೆ ತೊಡಬೇಕು. ಆದರೆ ನಾಲ್ಕರಿಂದ ಆರು ವಾರಗಳವರೆಗೆ ಭಾರ ಎತ್ತಕೂಡದು, ಕೈಗಳನ್ನು ತಲೆಯಿಂದ ಮೇಲಕ್ಕೆ ಚಾಚಿ ಎಳೆಯಕೂಡದು. ಅಂದರೆ ಬಾವಿಯ ಹಗ್ಗವಿಲ್ಲ, ಅಟ್ಟದ ಕಾಯಿ ಇಲ್ಲ, ಹುಲ್ಲಿನ ಹೊರೆ ಇಲ್ಲ, ಹಿಟ್ಟಿನ ಕೋಲು ತಿರುಗಿಸಿ ಮುದ್ದೆ ಕಟ್ಟುವುದೂ ಇಲ್ಲ. ಆರು ವಾರ ಮುದ್ದೆಯನ್ನು ಮನೆಯ ಗಂಡಸರು ತೊಳಸಿದರೆ ರಾಗಿಗೆ ಮೈಲಿಗೆಯಾಗುವುದಿಲ್ಲ.

ಶಾಸ್ತ್ರದ ಹೆಸರಿನಲ್ಲಿಯೇ ವಾದಿಸುವ ಹಿರಿಯರು ಇರುತ್ತಾರೆ. ಅವರೊಡನೆ ಶಾಸ್ತ್ರದಿಂದಲೇ ಮಾತನಾಡಬೇಕಾದುದು ನ್ಯಾಯ. ಸುಶ್ರುತನ ಸೂತ್ರಸ್ಥಾನದ ಹತ್ತೊಂಬತ್ತನೆಯ ಅಧ್ಯಾಯ ಗಾಯಗೊಂಡವನ ಉಪಚಾರಕ್ಕೇ ಮೀಸಲು. ಹೊಸ ಧಾನ್ಯ, ಉದ್ದು, ಎಳ್ಳು, ಹುರುಳಿ, ಹಾಲು, ಮೊಸರು ಮೊದಲಾದುವು ವ್ರಣಿತನಿಗೆ ಬೇಡವೆಂದು ಅಲ್ಲಿ ಹೇಳಿರುವುದು ದಿಟ. ಹಳೆಯ ಮನೆಗಳು ನಂಜೆಂದು ಬಿಡಿಸುವ ಪದಾರ್ಥಗಳ ಪಟ್ಟಿಗೂ ಇದಕ್ಕೂ ದೂರದ ನಂಟಿರಬಹುದು. ಆದರೆ ಅದೇ ಅಧ್ಯಾಯವು ಮೊಟ್ಟಮೊದಲು ಹೇಳುವುದೇನು? ರೋಗಿಗೆ ಶುಚಿಯಾದ, ಒಳ್ಳೆಯ ಮನೆ ಬೇಕು. ಕಾಲುಚಾಚಿ ಮಲಗುವಷ್ಟು ಅಗಲವಾದ ಹಾಸಿಗೆ ಬೇಕು. ಉಗುರು ಕೂದಲುಗಳನ್ನು ಕತ್ತರಿಸಿರಬೇಕು, ಬಿಳಿಯ ಶುಭ್ರವಸ್ತ್ರವಿರಬೇಕು. ಪ್ರಿಯವಾಗಿ ಮಾತನಾಡುವ ಸ್ನೇಹಿತರು ಪಕ್ಕದಲ್ಲಿ ಕುಳಿತು ಕಥೆಗಳನ್ನು ಹೇಳುತ್ತ ನೋವನ್ನು ಮರೆಸಬೇಕು. ಮನೆಗಳು ನಿಷೇಧವನ್ನು ಉಳಿಸಿಕೊಂಡವು, ವಿಧಿಯನ್ನು ಮರೆತವು. ಮೊಸರನ್ನು ಬಿಡಿಸಿದರು, ಕಥೆ ಹೇಳುವ ಸ್ನೇಹಿತೆಯನ್ನು ‘ಊರಿಗೆಲ್ಲ ಗೊತ್ತಾಗುತ್ತದೆ’ ಎಂದು ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸಿದರು. ಇಂದಿನ ವೈದ್ಯರ ಮಾತಾದರೋ ಸ್ಪಷ್ಟ: ಮಾಂಸ ಕೂಡಿಕೊಳ್ಳಲು ಬೇಳೆ, ಕಾಳು, ಹಾಲು, ಮೊಟ್ಟೆ ಬೇಕು, ಅರೆಹೊಟ್ಟೆಯ ಗಾಯ ಮಾಯುವುದಿಲ್ಲ. ಸಕ್ಕರೆಕಾಯಿಲೆ ಇದ್ದವರು ಅದನ್ನು ಹತೋಟಿಯಲ್ಲಿಟ್ಟುಕೊಳ್ಳದಿದ್ದರೆ ಎರಡು ಪಟ್ಟು ಕಷ್ಟ.

ಸುಶ್ರುತನು ವ್ರಣಕ್ಕೆ ಅರವತ್ತು ಉಪಕ್ರಮಗಳನ್ನು ಹೇಳಿದ್ದಾನೆ. ಅವು ಗಾಯ ಮುಚ್ಚುವುದರೊಡನೆ ನಿಲ್ಲುವುದಿಲ್ಲ. ಬಿಳುಪಾದ ಕಲೆಗೆ ಮೈಬಣ್ಣವನ್ನು ಬರಿಸುವುದು, ಕೂದಲನ್ನು ಬೆಳೆಸುವುದು ಕೂಡ ಆ ಎಣಿಕೆಯಲ್ಲಿವೆ. ಕಲೆಯ ಚಿಂತೆಯನ್ನು ಬೆಡಗೆಂದು ಆ ಮುನಿಯು ತಳ್ಳಿಹಾಕಲಿಲ್ಲ. ಈ ದೇಶದವರ ಚರ್ಮದಲ್ಲಿ ಕಲೆಯು ಉಬ್ಬಿ ಕೆಂಪಾಗಿ ನವೆಯಾಗುವ ಸ್ವಭಾವ ತುಸು ಹೆಚ್ಚು. ತಿಳಿಯಾಗಲು ಒಂದು ಒಂದೂವರೆ ವರ್ಷ ಬೇಕು, ಕೆಲವರಲ್ಲಿ ಗಂಟಾಗಿ ಉಳಿಯುವುದೂ ಉಂಟು. ಸಿಲಿಕೋನಿನ ಹಾಳೆಯನ್ನು ಅಂಟಿಸುವುದೇ ಮೊದಲಾದ ಉಪಾಯಗಳಿವೆ. ಕೇಳಿದರೆ ತಾನೆ ಹೇಳುವುದು?

ಇವೆಲ್ಲ ನಿಧಾನದ ಸಂಗತಿಗಳು. ಕಾಯಲಾಗದ ಸಂಗತಿಗಳೂ ಕೆಲವುಂಟು, ಅವನ್ನು ಮನೆಯ ಗಂಡಸರೂ ಹೆಂಗಸರೂ ಬಾಯಿಪಾಠ ಮಾಡಿರಬೇಕು. ಮೊದಲ ಒಂದೆರಡು ದಿನಗಳಲ್ಲಿ ಒಂದೇ ಕಡೆಯ ಸ್ತನವು ಥಟ್ಟನೆ ಊದಿ, ಬಿಗಿದು, ನೋವು ಏರುತ್ತ ಹೋದರೆ ಒಳಗೆ ರಕ್ತ ಕಟ್ಟಿಕೊಂಡಿದೆ. ಬಿಚ್ಚಿ ತೆಗೆಯಬೇಕು, ಆ ರಾತ್ರಿಯೇ. ಮೊಲೆತೊಟ್ಟು ನೇರಿಳೆಯಾಗಿ ಕ್ರಮೇಣ ಕಪ್ಪಾದರೆ ಒಡನೆ ತಿಳಿಸಬೇಕು. ಜ್ವರ, ಹರಡುವ ಕೆಂಪು, ದುರ್ಗಂಧದ ಕೀವು ಕಂಡರೆ ಅದೇ ದಿನ. ಕಾಲಿನ ಮೀನಖಂಡ ಊದಿ ನೋಯುವುದು, ಇದ್ದಕ್ಕಿದ್ದಂತೆ ಉಸಿರು ಸಿಕ್ಕಿಕೊಳ್ಳುವುದು ಇವಕ್ಕೆ ಗಳಿಗೆಯನ್ನೂ ಕಾಯಬಾರದು. ತಿಪಟೂರಿನಿಂದ ಬೆಂಗಳೂರಿಗೆ ಸುಮಾರು ೧೪೦ ಕಿಲೋಮೀಟರು. ಶಸ್ತ್ರಕ್ರಿಯೆ ಮಾಡಿದ ವೈದ್ಯನು ಅಲ್ಲಿರುವುದರಿಂದ ‘ಸೋಮವಾರ ಹೋದರಾಯಿತು’ ಎಂದು ಮುಂದೂಡುವವರು, ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಯು ಹತ್ತಿರದಲ್ಲೇ ಇರುವುದನ್ನು ಮರೆಯುತ್ತಾರೆ. ಅಲ್ಲಿಗೆ ಹೋಗುವುದಕ್ಕೆ ಅಡ್ಡಿ ದೂರವಲ್ಲ. ಗುರುತಿನವರು ಕಂಡು ‘ಏನಾಯಿತಮ್ಮ?’ ಎಂದು ಕೇಳಿಯಾರೆಂಬ ಅಂಜಿಕೆ. ಕೈ ಮುರಿದಿದ್ದರೆ ಊರೇ ಹೊತ್ತುಕೊಂಡು ಹೋಗುತ್ತಿತ್ತು.

ನಗರದ ವೈದ್ಯರೂ ಈ ಪಾಪದಲ್ಲಿ ಪಾಲುಗಾರರೇ. ಕೆಲವರ ಜಾಹೀರಾತುಗಳಲ್ಲಿ ಕಲೆಯೇ ಕಾಣದಂತಹ, ಒಂದೇ ದಿನದಲ್ಲಿ ಮನೆ ಸೇರಿಸುವಂತಹ ಚಿಕಿತ್ಸೆಯ ವರ್ಣನೆ ಇರುತ್ತದೆ. ಉತ್ಪ್ರೇಕ್ಷಾಲಂಕಾರವು ಕವಿಗಳ ಸೊತ್ತು. ವೈದ್ಯರು ಅದನ್ನು ಮುಟ್ಟದಿದ್ದರೆ ಒಳ್ಳೆಯದು. ಮನೆಗೆ ಕಳುಹಿಸುವಾಗ ಕೈಗಿಡುವ ಕಾಗದವು ಇಂಗ್ಲಿಷಿನಲ್ಲಿರುತ್ತದೆ. ಅದನ್ನು ಓದಿ ಹೇಳತಕ್ಕವನು ಮಗನೋ ಮೈದುನನೋ. ಆತನು ನಾಚಿ ಅರ್ಧವನ್ನು ನುಂಗಿ, ‘ಮಾತ್ರೆ ತಗೋಬೇಕಂತೆ ಅತ್ತಿಗೆ’ ಎಂದಿಷ್ಟನ್ನೇ ಹೇಳುತ್ತಾನೆ. ಒಂದು ಪುಟದ ಕನ್ನಡವನ್ನು ಅಚ್ಚು ಹಾಕಿಸಲು ಆಸ್ಪತ್ರೆಗಳಿಗೆ ಏನು ಬಡತನ? ಪಟ್ಟಿ ಬದಲಾಯಿಸಲು ಹೆಂಗಸೊಬ್ಬಳೇ ಬೇಕೆಂದು ರೋಗಿಯು ಕೇಳುವುದೂ ನ್ಯಾಯವೇ. ಕೇಳಿದರೆ ಬಹುಮಟ್ಟಿಗೆ ಒದಗಿಸುತ್ತಾರೆ.

ಮದುವೆಯಾಗದ ಹುಡುಗಿಯ ವಿಷಯದಲ್ಲಿ ಮನೆಯವರ ಭಯ ಎರಡು ಬಗೆ. ಮುಂದೆ ಮಗುವಿಗೆ ಹಾಲು? ಇದು ಸರಿಯಾದ ಪ್ರಶ್ನೆ, ಉತ್ತರವೂ ಪ್ರಾಮಾಣಿಕವಾಗಿರಬೇಕು. ಕೆಲವರು ಪೂರ್ತಿ ಹಾಲೂಡಿಸಬಲ್ಲರು, ಕೆಲವರು ಸ್ವಲ್ಪಮಟ್ಟಿಗೆ, ಕೆಲವರಿಗೆ ಆಗುವುದೇ ಇಲ್ಲ. ಮೊಲೆತೊಟ್ಟನ್ನೂ ಅದರ ಅಡಿಯ ಗ್ರಂಥಿಯನ್ನೂ ಎಷ್ಟು ಉಳಿಸಿದ್ದಾರೆಂಬುದರ ಮೇಲೆ ಬಹುವಾಗಿ ಅದು ನಿಂತಿದೆ. ಸ್ಪರ್ಶಜ್ಞಾನವು ತಿಂಗಳುಗಟ್ಟಲೆ ಮಂದವಾಗಿರಬಹುದು, ಕೆಲವರಲ್ಲಿ ಮರಳದೆಯೂ ಇರಬಹುದು. ಶಸ್ತ್ರಕ್ಕೆ ಮೊದಲು ಹುಡುಗಿಗೇ ಇದನ್ನು ತಿಳಿಸಿ, ಅವಳ ಒಪ್ಪಿಗೆಯನ್ನೇ ಪಡೆಯತಕ್ಕದ್ದು. ಎರಡನೆಯ ಭಯ, ಕಲೆಯಿರುವವಳನ್ನು ಯಾರು ಒಪ್ಪುತ್ತಾರೆ ಎಂಬುದು. ತೋಟದ ಪಹಣಿಯನ್ನೂ ಅಟ್ಟದ ಕಾಯಿಯ ಲೆಕ್ಕವನ್ನೂ ಕೇಳುವ ಬೀಗರು ಬೆನ್ನುನೋವಿನ ಲೆಕ್ಕವನ್ನು ಕೇಳಲಿಲ್ಲವೆಂದು ಅದು ಇಲ್ಲದಾಗುವುದೆ?

ಕೊನೆಗೊಂದು ಸಂಗತಿಯನ್ನು ಬಿಡುವಂತಿಲ್ಲ. ಆರು ತಿಂಗಳೋ ವರ್ಷವೋ ಕಳೆದ ಮೇಲೆ ಸ್ತನದೊಳಗೆ ಗಟ್ಟಿಯಾದ ಗಂಟೊಂದು ಕೈಗೆ ಸಿಕ್ಕಬಹುದು. ರಕ್ತ ದೊರೆಯದೆ ಸತ್ತ ಕೊಬ್ಬು ಹೀಗೆ ಗಂಟಾಗುವುದುಂಟು, ಅದು ನಿರಪಾಯದ್ದು. ಆದರೆ ನಿರಪಾಯವೆಂದು ನಿರ್ಣಯಿಸತಕ್ಕವರು ಮನೆಯವರಲ್ಲ. ಸ್ಕ್ಯಾನು, ಬೇಕಾದರೆ ಸೂಜಿಯ ಪರೀಕ್ಷೆ ಆಗಲೇಬೇಕು. ಹಾಗೆಯೇ ಶಸ್ತ್ರಕ್ರಿಯೆಯಲ್ಲಿ ತೆಗೆದ ಮಾಂಸವನ್ನು ಸೂಕ್ಷ್ಮದರ್ಶಕದ ಪರೀಕ್ಷೆಗೆ ಕಳುಹಿಸುತ್ತಾರೆ. ಯಾರೂ ಶಂಕಿಸದಿದ್ದ ಕ್ಯಾನ್ಸರು ಅಪರೂಪವಾಗಿ ಅಲ್ಲಿ ಪತ್ತೆಯಾದುದುಂಟು. ಆ ವರದಿಯು ಬರುವುದು ರೋಗಿಯು ಮನೆಗೆ ಬಂದ ಎಷ್ಟೋ ದಿನಗಳ ಮೇಲೆ. ಎರಡನೆಯ ಭೇಟಿಗೆ ಹೋಗದ ಮನೆಗೆ ಅದು ತಲುಪುವುದಿಲ್ಲ. ಕೊಬ್ಬರಿ ಹರಾಜಿನ ದಿನ ತಪ್ಪದೆ ಗಾಡಿಯನ್ನು ಗೊತ್ತುಮಾಡುವವರು ಆ ಭೇಟಿಯ ದಿನವೂ ಗೊತ್ತುಮಾಡಲಿ. ವರದಿಯನ್ನು ಕೇಳಿ ಪಡೆದು, ಜಮೀನಿನ ಕಾಗದಗಳಿರುವ ಪೆಟ್ಟಿಗೆಯಲ್ಲಿಯೇ ಅದನ್ನೂ ಇಡಲಿ, ಪೆಟ್ಟಿಗೆಯ ಬೀಗದ ಕೈ ಆಕೆಯ ಬಳಿಯೂ ಒಂದಿರಲಿ.